ಬ್ಯಾನ್ಶೀಗೆ ಯಾವ ರೀಡ್?

ಯಮಹಾ ಬ್ಯಾನ್ಶೀ ಕೊಂಡವರು ಎಗ್ಸಾಸ್ಟ್ ಪೈಪ್ ಆರಿಸುವಾಗ ಹತ್ತು ಜನರನ್ನು ಕೇಳುತ್ತಾರೆ. ರೀಡ್ ವಾಲ್ವ್ ಮಾತ್ರ ಡಬ್ಬಿಯ ಮೇಲಿನ ಹೆಸರು ನೋಡಿ ತಂದುಬಿಡುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಮರಳುದಿಬ್ಬಗಳಲ್ಲಿ ಈ ನಾಲ್ಕು ಚಕ್ರದ ಗಾಡಿ ಓಡಿಸುತ್ತ, ನನ್ನದನ್ನೂ ಗೆಳೆಯರದನ್ನೂ ಬಿಚ್ಚಿ ಜೋಡಿಸುತ್ತ ನನಗೆ ಖಚಿತವಾದದ್ದು ಒಂದೇ: ರೀಡ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಪೋರ್ಟು (ಸಿಲಿಂಡರಿನ ಗಾಳಿಕಿಂಡಿ), ಪೈಪು ಕೇಳಿದಷ್ಟು ಗಾಳಿಯನ್ನು ಒಳಗೆ ಬಿಡುತ್ತದೆ, ಒಳಗೆ ಬಂದದ್ದು ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದ್ದು ನಮ್ಮ ಹೆಬ್ಬೆರಳು ಥ್ರಾಟಲನ್ನು ಎಷ್ಟು ಒತ್ತಿ, ಎಷ್ಟು ಹೊತ್ತು ಹಿಡಿದಿರುತ್ತದೆ ಎಂಬುದು.

ಬ್ಯಾನ್ಶೀ ಅಮೆರಿಕದಲ್ಲಿ 1987ರಿಂದ 2006ರವರೆಗಿನ ಮಾಡೆಲುಗಳಲ್ಲಿ ಬಂತು. ಎರಡು ಸಿಲಿಂಡರ್, 347 ಸಿಸಿ, ನೀರಿನಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್. ಬೋರ್ 64 ಮಿ.ಮೀ., ಸ್ಟ್ರೋಕ್ 54. ಊರಲ್ಲಿ ರಾಜದೂತ್ 350 ಬಿಚ್ಚಿದವರಿಗೆ ಈ ಅಂಕಿಗಳು ಗೊತ್ತಿರುತ್ತವೆ. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ನಮ್ಮಲ್ಲಿ ತಂದ ಆ ಗಾಡಿ ಯಮಹಾ ಆರ್‌ಡಿ350ಯೇ. ಅದು ಗಾಳಿಯಲ್ಲಿ ತಣಿಯುವ ಎಂಜಿನ್, ಆದರೆ ಬೋರ್ ಸ್ಟ್ರೋಕ್ ಇವೇ. ರೀಡ್ ಪಟ್ಟಿಗಳು ಕೂರುವ ಚೌಕಟ್ಟನ್ನು, ಅಂದರೆ ರೀಡ್ ಕೇಜನ್ನು, ನಾನು ಮೊದಲು ಕೈಯಲ್ಲಿ ಹಿಡಿದದ್ದೂ ನಮ್ಮ ಸೋದರಮಾವನ ರಾಜದೂತಿನದು. ಸ್ಟೀಲಿನ ತೆಳು ಪಟ್ಟಿಗಳನ್ನು ತೋರಿಸಿ ಮಾವ, "ಇದು ಮುಚ್ಚೋದು ಸರಿ ಇಲ್ಲದಿದ್ರೆ ಉಳಿದದ್ದೆಲ್ಲ ದಂಡ ಕಣೋ" ಎಂದಿದ್ದರು. ಸಾವಿರಾರು ಮೈಲಿ ದೂರದ ಗ್ಯಾರೇಜಿನಲ್ಲೂ ನನ್ನ ಕೆಲಸ ಶುರುವಾಗುವುದು ಆ ಮಾತಿನಿಂದಲೇ.

ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ, ಪಟ್ಟಿಗಳು ತೆರೆದು ಪೆಟ್ರೋಲ್ ಬೆರೆತ ಗಾಳಿ ಒಳನುಗ್ಗುತ್ತದೆ. ಪಿಸ್ಟನ್ ಇಳಿದಾಗ ಒಳಗಿನ ಒತ್ತಡವೇ ಅವನ್ನು ಮುಚ್ಚಿಸುತ್ತದೆ. 9000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 150 ಸಲ ನಡೆಯಬೇಕು. ಹಾರ್ಮೋನಿಯಂ ರೀಡಿನ ಹಾಗೆ ಈ ಪಟ್ಟಿಗೂ ತನ್ನದೇ ಕಂಪನವಿದೆ: ಗಿಡ್ಡ, ಬಿರುಸು ಪಟ್ಟಿ ಬೇಗ ಬೇಗ ಮಿಡಿಯುತ್ತದೆ, ಉದ್ದ, ಮೆದು ಪಟ್ಟಿ ನಿಧಾನ. ಮೆದುವಾದದ್ದು ಕಡಿಮೆ ಆರ್‌ಪಿಎಂನ ಸಣ್ಣ ಸೆಳೆತಕ್ಕೂ ತೆರೆಯುತ್ತದೆ, ಪಿಕಪ್ ಚುರುಕಾಗುತ್ತದೆ. ಮೇಲಿನ ವೇಗದಲ್ಲಿ ಮಾತ್ರ ಹೊತ್ತಿಗೆ ಸರಿಯಾಗಿ ಮುಚ್ಚಲಾರದೆ ಪಟಪಟಿಸುತ್ತದೆ. ಬಿರುಸಾದದ್ದು ಮೇಲೆ ನಂಬಿಕಸ್ತ, ಕೆಳಗೆ ಮಂದ.

ಅಂಗಡಿಯಲ್ಲಿ ಸಿಗುವುದೆಲ್ಲ ಈ ಎರಡರ ನಡುವಿನ ರಾಜಿಗಳೇ. ಬಾಯ್ಸೆನ್ ಕಂಪನಿಯ ಎರಡು ಹಂತದ ರೀಡಿನಲ್ಲಿ ದಪ್ಪ ಪಟ್ಟಿಯ ಮೇಲೆ ತೆಳು ಪಟ್ಟಿ ಕೂರುತ್ತದೆ. ಸಣ್ಣ ಸೆಳೆತಕ್ಕೆ ತೆಳುವಾದದ್ದು, ಜೋರಿಗೆ ದಪ್ಪದ್ದು. ಇದು ಹಳೆಯ ಕೇಜಿನ ಮೇಲೆಯೇ ಕೂರುವುದರಿಂದ ಖರ್ಚು ಕಡಿಮೆ. ಮೋಟೋ ಟಸ್ಸಿನಾರಿಯ ವಿ-ಫೋರ್ಸ್ ಕೇಜನ್ನೇ ಬದಲಿಸುತ್ತದೆ: ಒಂದು ವಿ ಆಕಾರದ ಜಾಗದಲ್ಲಿ ಎರಡು, ಹಾಗಾಗಿ ಅಷ್ಟೇ ಗಾಳಿಗೆ ಪಟ್ಟಿ ಸುಮಾರು ಅರ್ಧದಷ್ಟು ಎದ್ದರೆ ಸಾಕು. ಚೆಲುವಾದ ಎಂಜಿನಿಯರಿಂಗ್ ಎಂದು ಮನಸಾರೆ ಹೇಳುತ್ತೇನೆ. ಆದರೂ ಪೋರ್ಟ್ ಮುಟ್ಟದ, ಕಂಪನಿ ಪೈಪಿನ ಎಂಜಿನ್ನಿಗೆ ಇದು ಕೊಡುವುದು ಮುಖ್ಯವಾಗಿ ಥ್ರಾಟಲಿನ ಚುರುಕು. ಮೇಲಿನ ವೇಗದಲ್ಲಿ ಆ ಎಂಜಿನ್ ಅಷ್ಟು ಗಾಳಿಯನ್ನು ಕೇಳುವುದೇ ಇಲ್ಲ.

ಹಾಸನ ಕಡೆಯ ಗೆಳೆಯನೊಬ್ಬ ಹಳೆಯ ಬ್ಯಾನ್ಶೀ ತಂದಿದ್ದ. ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತಿತ್ತು, ಐಡ್ಲಿಂಗ್ ನಿಲ್ಲುತ್ತಿರಲಿಲ್ಲ, ಏರ್ ಫಿಲ್ಟರ್ ಪೆಟ್ರೋಲಿನಲ್ಲಿ ನೆಂದಿತ್ತು. "ಅಣ್ಣ, ವಿ-ಫೋರ್ಸ್ ಹಾಕ್ಸಿದ್ರೆ ಸರಿಹೋಗುತ್ತಾ?" ಎಂದ. ಈಗಿರುವುದನ್ನು ಬಿಚ್ಚಿ ನೋಡೋಣ ಎಂದೆ. ಕೇಜನ್ನು ಬೆಳಕಿಗೆ ಹಿಡಿದರೆ ಎಡ ಸಿಲಿಂಡರಿನದರಲ್ಲಿ ಒಂದು ಪಟ್ಟಿಯ ಮೂಲೆ ಮುರಿದಿರುವುದು ಕಂಡಿತು. ಒಳಗೆ ಸ್ವಲ್ಪ ಪೆಟ್ರೋಲ್ ಸುರಿದರೆ ಧಾರೆಯಾಗಿ ಸೋರಿತು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಕಾರ್ಬೊರೇಟರ್ ಹಿಡಿಯುವ ರಬ್ಬರ್ ಬೂಟಿನ ಬಿರುಕು. ಅಲ್ಲಿಂದ ಬರುವ ಕಳ್ಳಗಾಳಿ ಮಿಶ್ರಣವನ್ನು ತೆಳು ಮಾಡಿ ಪಿಸ್ಟನ್ ಸೀಜ್ ಮಾಡಿಸಬಲ್ಲದು. ಹೊಸ ಫೈಬರ್ ಪಟ್ಟಿ, ಹೊಸ ಬೂಟು, ಹೊಸ ಗ್ಯಾಸ್ಕೆಟ್ ಬಿದ್ದ ಮೇಲೆ ಗಾಡಿ ಎರಡನೇ ಕಿಕ್ಕಿಗೆ ಎದ್ದಿತು. ಒಂದು ಪಟ್ಟಿ ಹೋದರೂ ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸಬೇಕು, ಇಲ್ಲದಿದ್ದರೆ ಸಿಲಿಂಡರುಗಳ ನಡುವೆ ಹೊಂದಾಣಿಕೆ ತಪ್ಪುತ್ತದೆ.

ಸ್ಟೀಲ್ ಪಟ್ಟಿ ಬಗ್ಗೆ ನನಗೆ ಭಯವಿದೆ. ಅದು ಬಾಳಿಕೆ ಬರುತ್ತದೆ, ನಿಜ. ಆದರೆ ತುಂಡಾಗಿ ಒಳಗೆ ಹೋದರೆ ಪಿಸ್ಟನ್ನನ್ನೂ ಸಿಲಿಂಡರನ್ನೂ ಗೀರಿಬಿಡುತ್ತದೆ. ಫೈಬರ್ ಗ್ಲಾಸ್, ಕಾರ್ಬನ್ ಫೈಬರ್ ಚೂರುಗಳು ಅಷ್ಟು ಹಾನಿ ಮಾಡುವುದು ಅಪರೂಪ. ಅವು ಮೊದಲು ತುದಿಯಲ್ಲಿ ಎಳೆಎಳೆಯಾಗಿ ಸುಳಿವು ಕೊಡುತ್ತವೆ, ಆಗಲೇ ತೆಗೆಯಬೇಕು.

ಇನ್ನು ಓಡಿಸುವ ಜಾಗ. ಮರುಭೂಮಿಯ ಕಲ್ಲುಹಾದಿಯಲ್ಲಿ ಥ್ರಾಟಲ್ ಹೆಚ್ಚು ಹೊತ್ತು ಅರ್ಧಕ್ಕಿಂತ ಕೆಳಗೇ ಇರುತ್ತದೆ; ಅಲ್ಲಿಗೆ ಕಂಪನಿ ಕೇಜಿನ ಮೇಲೆ ಎರಡು ಹಂತದ ಪಟ್ಟಿಯೇ ನನ್ನ ಆಯ್ಕೆ. ಗ್ಲಾಮಿಸಿನ ಇಂಪೀರಿಯಲ್ ಮರಳುದಿಬ್ಬಗಳು ಬೇರೆಯೇ ಲೋಕ. ಪ್ಯಾಡಲ್ ಟೈರು ಮರಳನ್ನು ಅಗೆಯುತ್ತ ಓಲ್ಡ್ಸ್‌ಮೊಬೈಲ್ ಹಿಲ್ ಏರುವಾಗ ಹೆಬ್ಬೆರಳು ಪೂರ್ತಿ ಒತ್ತಿದ್ದು ಒತ್ತಿದಂತೆಯೇ. ಪೋರ್ಟ್ ಮಾಡಿಸಿ ಒಳ್ಳೆಯ ಪೈಪ್ ಹಾಕಿದ ಎಂಜಿನ್ನಿಗೆ ವಿ-ಫೋರ್ಸಿನಂಥ ಕೇಜ್ ಅಲ್ಲಿ ನಿಜಕ್ಕೂ ದುಡಿಯುತ್ತದೆ.

ಯಾವುದನ್ನು ಹಾಕಿದರೂ ಆಮೇಲಿನ ಕೆಲಸ ಬಿಡುವಂತಿಲ್ಲ. ಪಟ್ಟಿಯ ಪುಟ್ಟ ಸ್ಕ್ರೂಗಳಿಗೆ ಥ್ರೆಡ್ ಲಾಕರ್ ಹಚ್ಚಿ ಹಗುರ ಕೈಯಲ್ಲಿ ಬಿಗಿಯಬೇಕು, ಕಳಚಿದರೆ ಬೀಳುವುದು ಕ್ರ್ಯಾಂಕ್‌ಕೇಸಿಗೆ. ಎಂಜಿನ್ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ 6 ನಿಮಿಷ ಕಾಯುವ ಸೋರಿಕೆ ಪರೀಕ್ಷೆಯನ್ನು ನಾನೆಂದೂ ಬಿಡುವುದಿಲ್ಲ. ನಂತರ ಪ್ಲಗ್ ನೋಡಿ ಜೆಟ್ ಹೊಂದಿಸುವುದು. ಬೆಳ್ಳಗಿದ್ದರೆ ಮಿಶ್ರಣ ತೆಳು, ಮುಂದೆ ಓಡಿಸಕೂಡದು.

ಆ ಗೆಳೆಯ ಮುಂದೆ ಪೋರ್ಟ್ ಮಾಡಿಸಿ, ಪೈಪ್ ಬದಲಿಸಿದ. ವಿ-ಫೋರ್ಸ್ ಹಾಕಲು ನಾನು ಒಪ್ಪಿದ್ದು ಆಗಲೇ. ಮೇನ್ ಜೆಟ್ ದೊಡ್ಡದು ಮಾಡಬೇಕಾಯಿತು, ಗಾಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಮೊದಲು ಏರುತ್ತಿದ್ದ ದಿಬ್ಬವನ್ನೇ ಈಗ ಒಂದು ಗೇರ್ ಮೇಲೆ ಏರುತ್ತದೆ.