ಸಹಜವೆನಿಸಿಕೊಂಡ ಯಾತನೆ

ಮುಟ್ಟಿನ ನೋವನ್ನು ಊರಿಗೆಲ್ಲ ಸಾರುವುದು ಮರ್ಯಾದಸ್ಥರ ಮನೆಯ ಹೆಂಗಸಿಗೆ ಶೋಭಿಸದೆಂದು ನಮ್ಮ ಬಂಧುವರ್ಗದ ಹಿರಿಯರೊಬ್ಬರು ಈಚೆಗೆ ನನಗೆ ಹೇಳಿಕಳುಹಿಸಿದರು. ಅವರ ವಯಸ್ಸಿಗೆ ನನ್ನ ನಮಸ್ಕಾರ. ಅವರ ಮಾತಿಗೆ ಈ ಲೇಖನವೇ ಉತ್ತರ.

ಕಾಲೇಜಿನಲ್ಲಿ ಓದುತ್ತಿದ್ದಾಗ ನನ್ನ ಹೊಟ್ಟೆನೋವನ್ನು ಅಪೆಂಡಿಕ್ಸಿನದೆಂದು ನಿರ್ಣಯಿಸಿ, ಆ ನಿರಪರಾಧಿ ಅಂಗವನ್ನು ಕತ್ತರಿಸಿ ತೆಗೆದರು. ಹೊಲಿಗೆಯ ಗಾಯ ಮಾಯುವ ಮೊದಲೇ ನೋವು ತನ್ನ ತಿಂಗಳ ವೇಳೆಗೆ ತಪ್ಪದೆ ಬಂದಿತು. 'ನಾವೇನು ಹೆಂಗಸರಲ್ಲವೇ, ನಾವು ಹೀಗೆ ಹಾಸಿಗೆ ಹಿಡಿದೆವೇ?' ಎಂದ ಸೋದರತ್ತೆಯು ಮದುವೆಯೇ ಮದ್ದೆಂದಳು. ಮದುವೆಯಾದ ಮೇಲೆ, ಮಗುವೊಂದಾದರೆ ಎಲ್ಲವೂ ನೆಟ್ಟಗಾಗುವುದೆಂದಳು. ಮಗುವಾಗದಿರುವುದಕ್ಕೂ ಅದೇ ವ್ಯಾಧಿ ಕಾರಣವಾಗಿರಬಹುದೆಂಬ ಸಂಶಯ ಮಾತ್ರ ಆಕೆಗೆ ಕಡೆಯವರೆಗೂ ಹುಟ್ಟಲಿಲ್ಲ.

ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಹೋಗಿದ್ದ ಮೌಲ್ಯಮಾಪನ ಕೇಂದ್ರದಲ್ಲಿ ಒಮ್ಮೆ ನಡೆದುದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಬೇಸಗೆಯ ಮಧ್ಯಾಹ್ನ, ಉತ್ತರಪತ್ರಿಕೆಗಳ ಕಟ್ಟು ಅರ್ಧ ಮುಗಿದಿತ್ತು. ಬೆಳಗಿನಿಂದ ಕಿಬ್ಬೊಟ್ಟೆಯಲ್ಲಿದ್ದ ನೋವು ಸೊಂಟವನ್ನು ಬಳಸಿ ತೊಡೆಗಳಿಗಿಳಿಯುತ್ತಲೇ ನಾನು ಎದ್ದು ಶೌಚಾಲಯಕ್ಕೆ ಹೋದೆ. ಇಂಥದನ್ನು ಬರೆಯಬಾರದೆನ್ನುವವರು ಮುಂದಿನ ವಾಕ್ಯವನ್ನು ಬಿಟ್ಟು ಓದಬಹುದು. ಮಲವಿಸರ್ಜನೆಗೆ ಕುಳಿತೊಡನೆ ಕಾದ ಸಲಾಕೆಯೊಂದು ಗುದದ್ವಾರದಿಂದ ಬೆನ್ನುಹುರಿಯವರೆಗೆ ಹಾದುಹೋದಂತಾಗಿ, ಕಣ್ಣು ಕತ್ತಲಿಟ್ಟು, ಗೋಡೆಯ ನಲ್ಲಿಯನ್ನು ಹಿಡಿದುಕೊಂಡೇ ಕುಸಿದುಬಿದ್ದೆ. ಹೊರಗಿನವರಿಗೆ ಚಿಲಕ ತೆಗೆಯುವ ಉಪಾಯವಿರಲಿಲ್ಲ. ನನಗೆ ಏಳುವ ತ್ರಾಣವಿರಲಿಲ್ಲ. ಬಾಗಿಲು ಮುರಿದರೆ ಈ ಅವಸ್ಥೆಯಲ್ಲಿ ನನ್ನನ್ನು ಯಾರಾರು ನೋಡಿಯಾರೆಂಬ ಭೀತಿ ಆ ಯಾತನೆಯನ್ನೂ ಮೀರಿ ನಿಂತಿತ್ತು. ಹೇಗೋ ತೆವಳಿ ಚಿಲಕ ಸರಿಸಿದೆ. ಸಹೋದ್ಯೋಗಿನಿಯರು ಹೊರತಂದು ಬೆಂಚಿನ ಮೇಲೆ ಮಲಗಿಸಿದಾಗ, ಕೇಂದ್ರದ ಅಧಿಕಾರಿ ಮಹಾಶಯರು ಹತ್ತಿರ ಬಂದು, 'ಮೇಡಂ, ಉಳಿದ ಪತ್ರಿಕೆಗಳನ್ನು ಯಾರಿಗೆ ಕೊಡಲಿ?' ಎಂದು ವಿಚಾರಿಸಿದರು. ಆ ಪ್ರಶ್ನೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆ ಸಂಜೆ ನೋಡಿದ ವೈದ್ಯರನ್ನಂತೂ ಕ್ಷಮಿಸುವ ಮಾತೇ ಇಲ್ಲ. ಸ್ಕ್ಯಾನಿಂಗ್ ವರದಿಯನ್ನು ಮಡಿಸುತ್ತ, ನನ್ನತ್ತ ತಿರುಗಿಯೂ ನೋಡದೆ, 'ಎಲ್ಲ ನಾರ್ಮಲ್ ಇದೆ, ಟೆನ್ಷನ್ ಜಾಸ್ತಿ' ಎಂದು ನನ್ನ ಪತಿಗೆ ತಿಳಿಸಿದರು. ದಾರಿಯುದ್ದಕ್ಕೂ ಪತಿ ಮೌನವಾಗಿದ್ದರು. ಅವರಿಗೂ ನನ್ನ ಮೇಲೆ ಅನುಮಾನ ಬಂದಿತೆಂಬುದು ಆ ಮೌನದಿಂದಲೇ ತಿಳಿಯಿತು.

ಕೊನೆಗೆ ಬೆಂಗಳೂರಿನ ತರುಣ ವೈದ್ಯೆಯೊಬ್ಬರು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆ ನೋಯುವುದೇ, ದಾಂಪತ್ಯಸಮಾಗಮ ನೋಯುವುದೇ, ತಾಯಿಗೋ ಸೋದರಿಗೋ ಹೀಗಿತ್ತೇ ಎಂದು ಪತಿಯನ್ನು ಹೊರಗೆ ಕೂರಿಸಿ ಕೇಳಿದರು. ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಗಳವು. ಎಂಆರ್‌ಐ, ಆಮೇಲೆ ಲ್ಯಾಪರೊಸ್ಕೋಪಿ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್, ಗರ್ಭಕೋಶದ ಹಿಂಬದಿಗೆ ಅಂಟಿಕೊಂಡ ಕರುಳು. ಎಂಡೊಮೆಟ್ರಿಯೋಸಿಸ್ ಎಂಬ ಹೆಸರನ್ನು ನಾನು ಕೇಳಿದುದು ಅಂದೇ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅದರ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶಗಳ ಮೇಲೆ ಬೆಳೆದು, ಹಾರ್ಮೋನುಗಳಿಗೆ ಸ್ಪಂದಿಸಿ ಉರಿಯೂತವನ್ನುಂಟುಮಾಡುವುದು ಈ ವ್ಯಾಧಿಯ ಲಕ್ಷಣ. ಜಗತ್ತಿನಲ್ಲಿ ಸುಮಾರು 19 ಕೋಟಿ ಸ್ತ್ರೀಯರಿಗೆ, ಎಂದರೆ ಋತುಮತಿಯರಾದವರಲ್ಲಿ ಹತ್ತಕ್ಕೊಬ್ಬರಿಗೆ, ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಟ್ಟಿನ ರಕ್ತ ಹಿಮ್ಮುಖವಾಗಿ ಹರಿದು ಇದು ಬರುವುದೆಂದು ಅಮೆರಿಕದ ಸ್ತ್ರೀರೋಗತಜ್ಞ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದರು. ಆದರೆ ಹಾಗೆ ಹರಿಯುವುದು ಬಹುತೇಕ ಎಲ್ಲ ಸ್ತ್ರೀಯರಲ್ಲಿಯೂ ಉಂಟು, ರೋಗ ಕೆಲವರಿಗೆ ಮಾತ್ರ. ಏಕೆಂಬುದು ಸುಮಾರು ನೂರು ವರ್ಷಗಳಾದರೂ ಇತ್ಯರ್ಥವಾಗಿಲ್ಲ. ನಂಬಿಕೆಗೆ ಅರ್ಹವಾದ ರಕ್ತಪರೀಕ್ಷೆಯಿಲ್ಲ, ಸಂಪೂರ್ಣ ನಿವಾರಣೆಯೂ ಇಲ್ಲ. ಇದು ಗಂಡಸರ ರೋಗವಾಗಿದ್ದರೆ ಸಂಶೋಧಕರು ಇಷ್ಟು ಸಾವಧಾನವಾಗಿರುತ್ತಿದ್ದರೇ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಗರ್ಭಕೋಶವನ್ನೇ ತೆಗೆಸಿಬಿಡೆಂದು ಬಂಧುಗಳು ಒತ್ತಾಯಿಸಿದರು. ನಾನು ಒಪ್ಪಲಿಲ್ಲ; ಹೊರಗೆ ಬೆಳೆದುದು ಒಳಗಿನದನ್ನು ತೆಗೆದಮಾತ್ರಕ್ಕೆ ಹೋಗುವುದೆಂಬ ಖಾತರಿಯಿಲ್ಲವೆಂದು ವೈದ್ಯೆಯೂ ಹೇಳಿದ್ದರು. ಡೈನೋಜೆಸ್ಟ್ ಎಂಬ ಹಾರ್ಮೋನು ಮಾತ್ರೆಯನ್ನು ಈಗಲೂ ನುಂಗುತ್ತಿದ್ದೇನೆ. ನೋವು ತಗ್ಗಿದೆ, ತೊಲಗಿಲ್ಲ.

ಮಗಳು ತಿಂಗಳಿಗೊಮ್ಮೆ ಶಾಲೆ ತಪ್ಪಿಸುತ್ತಿದ್ದರೆ ತಾಯಂದಿರು ಜೀರಿಗೆ ಕಷಾಯಕ್ಕೆ ತೃಪ್ತರಾಗದೆ ಸ್ತ್ರೀರೋಗತಜ್ಞರನ್ನು ಕಾಣಬೇಕು. ನೋವಿನ ದಿನ, ಜಾಗ, ತೀವ್ರತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹೋದರೆ ವೈದ್ಯರ ಮುಂದೆ ಮಾತು ತಡವರಿಸದು. ವೈದ್ಯಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಕಾಣಲಿಲ್ಲವೆಂದಮಾತ್ರಕ್ಕೆ ರೋಗವಿಲ್ಲವೆಂದು ಬರೆಯಬೇಡಿರಿ, ಬೆಂಗಳೂರಿನ ಆ ವೈದ್ಯೆ ಕೇಳಿದಂಥ ಪ್ರಶ್ನೆಗಳನ್ನು ತಪ್ಪದೆ ಕೇಳಿರಿ, ಉತ್ತರವನ್ನು ಗಂಡನಿಂದಲ್ಲ, ರೋಗಿಯ ಬಾಯಿಂದಲೇ ಪಡೆಯಿರಿ.