ಹೊಸ ಪ್ರೊಸೆಸರು, ಹಳೆಯ ಆದೇಶಗಳು

ಕಂಪ್ಯೂಟರಿನ ಲೆಕ್ಕಾಚಾರವೆಲ್ಲ ನಡೆಯುವುದು ಪ್ರೊಸೆಸರಿನಲ್ಲಿ. ಪ್ರತಿಯೊಂದು ಪ್ರೊಸೆಸರಿಗೂ ತನಗೆ ಅರ್ಥವಾಗುವ ಆದೇಶಗಳ ಪಟ್ಟಿಯೊಂದುಂಟು. 'ಈ ಎರಡು ಸಂಖ್ಯೆಗಳನ್ನು ಕೂಡು', 'ಮೊತ್ತವನ್ನು ಅಲ್ಲಿ ಇಡು' ಎಂಬಂಥವು ಆ ಆದೇಶಗಳು. ಮನುಷ್ಯನು ಬರೆದ ಪ್ರೋಗ್ರಾಮನ್ನು ಇಂಥ ಆದೇಶಗಳಿಗೆ ಮಾರ್ಪಡಿಸುವ ಸಾಧನವೇ ಕಂಪೈಲರ್. ಹೊಸ ಪ್ರೊಸೆಸರುಗಳು ಹೊಸ ಆದೇಶಗಳೊಡನೆ ಬರುತ್ತಿದ್ದರೂ ಕಂಪೈಲರು ಹಳೆಯ ಪಟ್ಟಿಗೇ ಅಂಟಿಕೊಂಡರೆ ಆ ಹೆಚ್ಚಿನ ಶಕ್ತಿಯು ವ್ಯರ್ಥವಾಗುವುದಷ್ಟೆ. ಇದನ್ನು ತಪ್ಪಿಸಲು ಲಿನಕ್ಸ್ ಸ್ವಯಂಸೇವಕರು ಮಾಡುತ್ತಿರುವ ಕೆಲಸವನ್ನು ಇಲ್ಲಿ ಪರಿಶೀಲಿಸೋಣ.

೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳು. ಅದಕ್ಕೆ ಸಾವಿರಾರು ಪ್ರೋಗ್ರಾಮುಗಳನ್ನು ಜೋಡಿಸಿ, ಕಂಪೈಲ್ ಮಾಡಿ, ಒಟ್ಟಾಗಿ ಹಂಚುವ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ಇವುಗಳ ಮೂಲ ಬರಹವು ಮುಕ್ತವಾಗಿರುವುದರಿಂದ ಬಲ್ಲವರು ಯಾರಾದರೂ ಅದನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಮಾಡಬಹುದು. ೨೦೦೨ರಲ್ಲಿ ಕೆನಡಾದ ಜಡ್ ವಿನೆಟ್ ಆರಂಭಿಸಿದ ಆರ್ಚ್ ಲಿನಕ್ಸ್ ಇಂಥದು. ಅಂದು ಹಲವು ಡಿಸ್ಟ್ರಿಬ್ಯೂಷನ್ನುಗಳು ೩೮೬ ಪ್ರೊಸೆಸರಿನ ಆದೇಶಗಳನ್ನೇ ನೆಚ್ಚಿಕೊಂಡಿದ್ದಾಗ, ಆರ್ಚ್ ೧೯೯೫ರ ಪೆಂಟಿಯಂ ಪ್ರೋ ವರ್ಗವನ್ನು ಆರಿಸಿಕೊಂಡಿತು.

೨೦೦೩ರಲ್ಲಿ ಎಎಂಡಿ ಸಂಸ್ಥೆಯ ೬೪ ಬಿಟ್ ಪ್ರೊಸೆಸರುಗಳು ಬಂದವು. ಆ ಬಳಿಕ ಸೇರಿದ ಆದೇಶಗಳನ್ನು ೨೦೨೦ರಲ್ಲಿ ಮೆಟ್ಟಿಲುಗಳಾಗಿ ವಿಂಗಡಿಸಲಾಯಿತು. ೨೦೦೩ರ ಮೂಲ ಪಟ್ಟಿಯು ಮೊದಲನೆಯ ಮೆಟ್ಟಿಲು. ಇಂಟೆಲ್ ಸಂಸ್ಥೆಯ ೨೦೧೩ರ ಹ್ಯಾಸ್ವೆಲ್ ಪೀಳಿಗೆಯೊಡನೆ ಬಂದ ಆದೇಶಗಳು ಮೂರನೆಯದರಲ್ಲಿ ಸೇರಿವೆ. ಆರ್ಚ್‌ನ ಆಧಾರದ ಮೇಲೆ ಕಟ್ಟಲಾದ ಕ್ಯಾಚಿ ಓಎಸ್ ಎಂಬ ಡಿಸ್ಟ್ರಿಬ್ಯೂಷನ್ ಮೂರನೆಯ ಹಾಗೂ ನಾಲ್ಕನೆಯ ಮೆಟ್ಟಿಲುಗಳಿಗಾಗಿ ಪ್ರತ್ಯೇಕವಾಗಿ ಕಂಪೈಲ್ ಮಾಡಿದ ಪ್ರೋಗ್ರಾಮುಗಳನ್ನು ಒದಗಿಸುತ್ತದೆ.

ಇದರಿಂದ ಲಾಭವೇನು? ತಲಾ ಸಾವಿರ ಸಂಖ್ಯೆಗಳುಳ್ಳ ಎರಡು ಪಟ್ಟಿಗಳನ್ನು ಸಾಲುಸಾಲಾಗಿ ಕೂಡಬೇಕೆಂದು ಭಾವಿಸೋಣ. ಒಂದೊಂದು ಸಂಖ್ಯೆಗೂ ೩೨ ಬಿಟ್ ಸ್ಥಳ ಬೇಕು. ಮೊದಲನೆಯ ಮೆಟ್ಟಿಲಿನ ೧೨೮ ಬಿಟ್ ರಿಜಿಸ್ಟರಿನಲ್ಲಿ ನಾಲ್ಕು ಸಂಖ್ಯೆಗಳು ಹಿಡಿಸುವುದರಿಂದ ೨೫೦ ಕೂಡುವ ಆದೇಶಗಳು ಬೇಕು. ಮೂರನೆಯದರ ೨೫೬ ಬಿಟ್ ರಿಜಿಸ್ಟರಿನಲ್ಲಿ ಎಂಟು ಹಿಡಿಸುತ್ತವೆ. ೧೨೫ ಆದೇಶಗಳೇ ಸಾಕು. ಗುಣಿಸಿ ಕೂಡುವ ಎರಡು ಕ್ರಿಯೆಗಳನ್ನು ಒಂದೇ ಆದೇಶದಲ್ಲಿ ಮುಗಿಸುವ ಅನುಕೂಲವೂ ಅಲ್ಲಿದೆ.

ಹಾಗಾದರೆ ಕಂಪ್ಯೂಟರಿನ ವೇಗ ಇಮ್ಮಡಿಯಾಗುವುದೆ? ಇಲ್ಲ. ಹತ್ತು ಸೆಕೆಂಡು ನಡೆಯುವ ಪ್ರೋಗ್ರಾಮಿನಲ್ಲಿ ಇಂಥ ಲೆಕ್ಕಕ್ಕೆ ಎರಡು ಸೆಕೆಂಡು ಮಾತ್ರ ಹಿಡಿಯುವುದಾದರೆ, ಆ ಭಾಗವು ಇಮ್ಮಡಿ ವೇಗ ಪಡೆದಾಗ ಉಳಿಯುವುದು ಒಂದೇ ಸೆಕೆಂಡು. ಆ ಭಾಗವು ಕ್ಷಣಮಾತ್ರದಲ್ಲಿ ಮುಗಿದರೂ ಉಳಿದ ಎಂಟು ಸೆಕೆಂಡು ತಪ್ಪುವುದಿಲ್ಲ. ಈ ಮಿತಿಯನ್ನು ೧೯೬೭ರಲ್ಲಿ ಎತ್ತಿ ತೋರಿಸಿದವನು ಜೀನ್ ಆಮ್ಡಾಲ್. ಆದುದರಿಂದ ಚಿತ್ರ, ಧ್ವನಿ ಮತ್ತು ವಿಜ್ಞಾನದ ದೊಡ್ಡ ಲೆಕ್ಕಗಳಿಗೆ ಲಾಭ ಹೆಚ್ಚು. ಪತ್ರ ಬರೆಯುವವನಿಗೆ ಅದು ಕಾಣಿಸುವುದೇ ಅಪರೂಪ.

ಇನ್ನು ನಷ್ಟದ ಬದಿಯನ್ನೂ ನೋಡಬೇಕು. ಹೊಸ ಆದೇಶವನ್ನು ಅರಿಯದ ಪ್ರೊಸೆಸರಿಗೆ ಅದು ಎದುರಾದರೆ ಪ್ರೋಗ್ರಾಮು ನಿಧಾನವಾಗುವುದಿಲ್ಲ, ನಿಂತೇಹೋಗುವುದು. ೨೦೧೩ರ ಅನಂತರ ಮಾರಾಟವಾದ ಅಗ್ಗದ ಪೆಂಟಿಯಂ, ಸೆಲೆರಾನ್ ಪ್ರೊಸೆಸರುಗಳಲ್ಲಿಯೂ ಅನೇಕಕ್ಕೆ ಮೂರನೆಯ ಮೆಟ್ಟಿಲು ಎಟುಕದು. ಆದಕಾರಣ ಹೊಸದನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಮೊದಲು ಹೊರಗುಳಿಯುವವರು ಹಣವಿಲ್ಲದ ವಿದ್ಯಾರ್ಥಿಗಳೇ. ೨೦೦೨ರಲ್ಲಿ ಆರ್ಚ್ ಹೆಮ್ಮೆಯಿಂದ ಆರಿಸಿಕೊಂಡಿದ್ದ ೩೨ ಬಿಟ್ ವರ್ಗವನ್ನೇ ೨೦೧೭ರಲ್ಲಿ ಅದು ಕೈಬಿಟ್ಟಿತು. ಹಳೆಯ ಯಂತ್ರಗಳಿಗಾಗಿ ಬೇರೆ ಸ್ವಯಂಸೇವಕರು 'ಆರ್ಚ್ ಲಿನಕ್ಸ್ ೩೨' ಎಂಬುದನ್ನು ಕಟ್ಟಿ ಮುಂದುವರಿಸಿದರು.

ಈ ಇಕ್ಕಟ್ಟಿಗೆ ಒಂದು ಮಧ್ಯಮ ಮಾರ್ಗವೂ ಉಂಟು. ಲಿನಕ್ಸಿನ ಬಹುತೇಕ ಪ್ರೋಗ್ರಾಮುಗಳು ಅವಲಂಬಿಸುವ ಗ್ನೂ ಸಿ ಲೈಬ್ರರಿಯು ೨೦೨೧ರಿಂದ, ಪ್ರೊಸೆಸರು ಯಾವ ಮೆಟ್ಟಿಲಿನದೆಂದು ಗುರುತಿಸಿ ಅದಕ್ಕೆ ತಕ್ಕ ಲೈಬ್ರರಿಯನ್ನು ತಾನೇ ಆರಿಸಬಲ್ಲುದು. ಒಂದೇ ಲೈಬ್ರರಿಯ ಎರಡು ಮೂರು ರೂಪಗಳನ್ನು ಡಿಸ್ಕಿನಲ್ಲಿ ಇಡಬೇಕಾಗುವುದೇ ಇದರ ವೆಚ್ಚ. ಹಳೆಯ ಯಂತ್ರವನ್ನು ಮೂಲೆಗೊತ್ತದೆ ಹೊಸ ಯಂತ್ರದ ಶಕ್ತಿಯನ್ನು ಪಡೆಯಲು ಆ ವೆಚ್ಚ ಹೆಚ್ಚೇನಲ್ಲವೆಂದು ನಾವು ಭಾವಿಸುತ್ತೇವೆ.