ನೇಪಾಳಿ ಮಾತಿನಲ್ಲಿ ಪ್ರಶ್ನೆ ಕೇಳುವ ಕ್ರಮ
(ಬೇಸಾಯಗಾರರಿಗೆ ಒಂದು ಭಾಷಾಪಾಠ)

ಗೊಬ್ಬರ, ಬೀಜ, ಬೆಳೆಯ ರೋಗ, ಪೇಟೆಯ ಧಾರಣೆ, ಇವುಗಳ ವಿಚಾರವನ್ನು ಈ ಪುಟದಲ್ಲಿ ಓದುವುದು ವಾಚಕರಿಗೆ ರೂಢಿ. ಈ ವಾರ ಭಾಷೆಯ ಪಾಠವೊಂದನ್ನು ಮುಂದಿಡುತ್ತಿದ್ದೇವೆ. ಇದಕ್ಕೆ ಕಾರಣವುಂಟು. ಕೇರಳ, ತಮಿಳುನಾಡುಗಳ ತೋಟಗಳಲ್ಲಿಯೂ ಪೇಟೆಯ ಹೋಟೆಲು, ಕಟ್ಟಡದ ಕೆಲಸಗಳಲ್ಲಿಯೂ ಬಡಗಣದಿಂದ ಬಂದ ದುಡಿಮೆಗಾರರು ಈಗ ಅನೇಕರು. ಅವರಲ್ಲಿ ನೇಪಾಳಿ ಆಡುವವರೂ ಇದ್ದಾರೆ. ಕೆಲವರು ನೇಪಾಳ ದೇಶದವರು. 1950ರ ಜುಲೈ 31ರಂದು ಸಹಿಯಾದ ಭಾರತ-ನೇಪಾಳ ಒಪ್ಪಂದದಂತೆ ಇಲ್ಲಿ ನೆಲೆಸಿ ದುಡಿಯಲು ಅವರಿಗೆ ಅವಕಾಶವಿದೆ. ಇನ್ನು ಕೆಲವರು ಡಾರ್ಜಿಲಿಂಗ್, ಸಿಕ್ಕಿಂ, ಅಸ್ಸಾಂ ಕಡೆಯವರು. ಅವರು ನಮ್ಮ ದೇಶದ ಪ್ರಜೆಗಳೇ.

ಅವರೊಡನೆ ನಾವು ಆಡುವ ಮಾತು ಹೆಚ್ಚಾಗಿ ಅಪ್ಪಣೆಯ ಮಾತು. ‘ಅದನ್ನು ತಾ, ಇದನ್ನು ಹೊರು’ ಎನ್ನುವುದಕ್ಕೆ ಹರಕುಮುರುಕು ಹಿಂದಿ, ಕೈಸನ್ನೆ ಸಾಕಾಗುತ್ತದೆ. ಆದರೆ ‘ಎಲ್ಲಿ ನೋವು? ಊಟವಾಯಿತೇ? ಕೂಲಿ ಸಿಕ್ಕಿತೇ?’ ಎಂದು ಕೇಳುವುದಕ್ಕೆ ಸನ್ನೆ ಸಾಲದು. ಗಡಿಯಾಚೆಯ ಕನ್ನಡಿಗರಾದ ನಮಗೆ ಇದರ ಕಷ್ಟ ಗೊತ್ತು. ಕಚೇರಿಯಲ್ಲಿಯೋ ಆಸ್ಪತ್ರೆಯಲ್ಲಿಯೋ ಬಾರದ ಭಾಷೆಯಲ್ಲಿ ಪ್ರಶ್ನೆ ಬಂದಾಗ ಸುಮ್ಮನೆ ತಲೆಯಲ್ಲಾಡಿಸಿ ಹಿಂದಿರುಗಿದ ನಮ್ಮ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆ ಕಷ್ಟ ನಮ್ಮ ಅಂಗಳದಲ್ಲಿ ದುಡಿಯುವವರಿಗೆ ಬಾರದಿರಲಿ ಎಂಬುದೇ ಈ ಪಾಠದ ಉದ್ದೇಶ.

1. ಭಾಷೆಯ ಪರಿಚಯ

ನೇಪಾಳಿಯು ಹಿಂದಿ, ಮರಾಠಿಗಳಂತೆ ದೇವನಾಗರಿ ಲಿಪಿಯ ಭಾಷೆ. 1992ರಲ್ಲಿ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. 2011ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 29 ಲಕ್ಷ ಜನರು ಇದನ್ನು ತಾಯಿನುಡಿಯೆಂದು ಬರೆಸಿದರು. ನೇಪಾಳ ದೇಶದಲ್ಲಿ 2021ರ ಗಣತಿಯಂತೆ 124 ತಾಯಿನುಡಿಗಳಿವೆ. ನೇಪಾಳಿಯನ್ನು ತಾಯಿನುಡಿಯಾಗಿ ಉಳ್ಳವರು ಶೇಕಡ 45ರಷ್ಟು ಮಾತ್ರ. ಉಳಿದವರದು ಮೈಥಿಲಿ, ಥಾರು, ತಾಮಾಂಗ್, ಮಗರ್ ಮೊದಲಾದ ನುಡಿಗಳು. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇದು:

ತಪಾಈಂ ನೇಪಾಲೀ ಬೋಲ್ನುಹುನ್ಛ? – ನೀವು ನೇಪಾಳಿ ಆಡುತ್ತೀರಾ?

ಉಚ್ಚಾರಣೆಗೆ ಎರಡು ಮಾತು. ‘ಈಂ’, ‘ಹಾಂ’ ಮುಂತಾದ ಕಡೆ ಬಿಂದುವನ್ನು ಮೂಗಿನಲ್ಲಿ ನುಡಿಯಬೇಕು, ಮಕಾರ ಮಾಡಬಾರದು. ಚ, ಛಗಳನ್ನು ಮರಾಠಿಯ ‘ಚಾಂಗಲಾ’ ಎಂಬಲ್ಲಿ ಬರುವ ಚಕಾರದ ಹಾಗೆ ಹಲ್ಲಿನ ಹತ್ತಿರ ನುಡಿಯಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ವಾಚಕರಿಗೆ ಇದು ಸುಲಭ.

2. ಪ್ರಶ್ನೆಯ ಪದಗಳು

ಕನ್ನಡದ ಏನು, ಎಲ್ಲಿ, ಎಷ್ಟು, ಯಾರು ಎಂಬ ಪದಗಳು ಎ, ಏ, ಯಾ ಎಂದು ಮೊದಲಾಗುತ್ತವೆ. ನೇಪಾಳಿಯಲ್ಲಿ ಎಲ್ಲವೂ ಕಕಾರದಿಂದ ಮೊದಲಾಗುತ್ತವೆ.

ಕೇ – ಏನು
ಕೋ – ಯಾರು
ಕಸ್ಕೋ – ಯಾರ
ಕಹಾಂ – ಎಲ್ಲಿ
ಕಹಿಲೇ – ಯಾವಾಗ
ಕತಿ – ಎಷ್ಟು
ಕುನ್ – ಯಾವ
ಕಸ್ತೋ – ಎಂಥ, ಹೇಗಿದೆ
ಕಸರಿ – ಹೇಗೆ, ಯಾವ ರೀತಿಯಲ್ಲಿ
ಕಿನ – ಏಕೆ

ವಾಕ್ಯದ ಜೋಡಣೆ ನಮ್ಮದರಂತೆಯೇ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ಉತ್ತರ ಇರಬೇಕಾದ ಸ್ಥಾನದಲ್ಲಿಯೇ ಪ್ರಶ್ನೆಯ ಪದ ಕೂಡುತ್ತದೆ.

ತಪಾಈಂಕೋ ನಾಮ್ ಕೇ ಹೋ? – ನಿಮ್ಮ ಹೆಸರು ಏನು?
ಪಾನೀ ಕಹಾಂ ಛ? – ನೀರು ಎಲ್ಲಿ ಇದೆ?
ಕೋ ಆಯೋ? – ಯಾರು ಬಂದರು?
ಘರ್‌ಮಾ ಕತಿ ಜನಾ ಹುನುಹುನ್ಛ? – ಮನೆಯಲ್ಲಿ ಎಷ್ಟು ಜನ ಇದ್ದೀರಿ?

ಹಿಂದಿ ಬಲ್ಲವರು ‘ಕೋ’ ಎಂಬಲ್ಲಿ ಎಚ್ಚರವಾಗಿರಬೇಕು. ಹಿಂದಿಯಲ್ಲಿ ‘ರಾಮ್ ಕೋ’ ಎಂದರೆ ರಾಮನಿಗೆ. ನೇಪಾಳಿಯಲ್ಲಿ ‘ರಾಮ್‌ಕೋ’ ಎಂದರೆ ರಾಮನ. ಅದೇ ‘ಕೋ’ ಒಂಟಿಯಾಗಿ ನಿಂತರೆ ‘ಯಾರು’ ಎಂದಾಗುತ್ತದೆ.

3. ಹೌದು-ಅಲ್ಲ, ಇದೆ-ಇಲ್ಲ

ಪ್ರಶ್ನೆಯ ಪದವಿಲ್ಲದೆ ಕೇಳುವಾಗ ನಾವು ಕೊನೆಗೆ ಆ, ಏ ಎಂಬ ಪ್ರತ್ಯಯ ಹಚ್ಚುತ್ತೇವೆ: ‘ಬಂದನಾ?’, ‘ಇದೆಯೇ?’ ನೇಪಾಳಿಯಲ್ಲಿ ಮಾತಿನಲ್ಲಿ ಏನನ್ನೂ ಹಚ್ಚಬೇಕಾಗಿಲ್ಲ. ‘ಪಾನೀ ಛ’ ಎಂದರೆ ನೀರಿದೆ. ಅದನ್ನೇ ಕೊನೆಯಲ್ಲಿ ಸ್ವರವೇರಿಸಿ ‘ಪಾನೀ ಛ?’ ಎಂದರೆ ನೀರಿದೆಯೇ ಎಂದಾಯಿತು. ಬರಹದಲ್ಲಿ ವಾಕ್ಯದ ಮೊದಲು ‘ಕೇ’ ಇಡುವುದುಂಟು. ಎರಡರಲ್ಲಿ ಒಂದನ್ನು ಆರಿಸೆನ್ನುವಾಗ ನಡುವೆ ‘ಕಿ’ ಬರುತ್ತದೆ: ಚಿಯಾ ಕಿ ಕಫೀ? – ಚಹವೋ ಕಾಫಿಯೋ?

ಹಿಂದಿಯವನಿಗೆ ಕಷ್ಟವಾಗುವ ಒಂದು ಭೇದ ಇಲ್ಲಿದೆ, ಕನ್ನಡಿಗನಿಗೆ ಅದು ಕಷ್ಟವಲ್ಲ. ನಾವು ‘ಅಲ್ಲ’ ಬೇರೆ, ‘ಇಲ್ಲ’ ಬೇರೆ ಎಂದು ಬಲ್ಲೆವು. ಮಲಯಾಳದಲ್ಲಿಯೂ ಅಲ್ಲ-ಇಲ್ಲ ಎಂದೇ ಇದೆ, ತೆಲುಗಿನಲ್ಲಿ ಕಾದು-ಲೇದು. ಹಿಂದಿಯಲ್ಲಿ ಎರಡಕ್ಕೂ ‘ನಹೀಂ’ ಒಂದೇ. ನೇಪಾಳಿಯು ಇಲ್ಲಿ ನಮ್ಮ ಕಡೆಗಿದೆ:

ಹೋ – ಹೌದು. ಹೋಇನ – ಅಲ್ಲ
ಛ – ಇದೆ. ಛೈನ – ಇಲ್ಲ
ಹುನ್ಛ – ಆಗುತ್ತದೆ. ಹುಂದೈನ – ಆಗುವುದಿಲ್ಲ

ಯೋ ಅದುವಾ ಹೋ? (ಇದು ಶುಂಠಿಯೇ?) ಎಂದರೆ ಉತ್ತರ ಹೋ ಅಥವಾ ಹೋಇನ. ಅದುವಾ ಛ? (ಶುಂಠಿ ಇದೆಯೇ?) ಎಂದರೆ ಛ ಅಥವಾ ಛೈನ. ತಪಾಈಂಕೋ ಗಾಉಂಮಾ ಅದುವಾ ಹುನ್ಛ? (ನಿಮ್ಮ ಊರಿನಲ್ಲಿ ಶುಂಠಿ ಆಗುತ್ತದೆಯೇ?) ಎಂದರೆ ಹುನ್ಛ ಅಥವಾ ಹುಂದೈನ. ಕನ್ನಡದಲ್ಲಿ ಯೋಚಿಸಿ ಆಡಿದರೆ ಇಲ್ಲಿ ತಪ್ಪುವುದೇ ಇಲ್ಲ.

ಉತ್ತರ ಹೇಳುವ ಕ್ರಮವೂ ನಮ್ಮದೇ. ‘ಉಂಡಿರಾ?’ ಎಂದರೆ ನಾವು ‘ಉಂಡೆ’ ಎನ್ನುತ್ತೇವೆ. ಅವರೂ ‘ಖಾನಾ ಖಾನುಭಯೋ?’ ಎಂದರೆ ‘ಖಾಏಂ’ ಎನ್ನುತ್ತಾರೆ. ದಾರಿಯಲ್ಲಿ ಎದುರಾದವರನ್ನು ಊಟವಾಯಿತೇ ಎಂದು ಮಾತನಾಡಿಸುವ ವಾಡಿಕೆ ಎರಡೂ ಕಡೆ ಒಂದೇ.

4. ಮರ್ಯಾದೆ

ನಮಗೆ ನೀನು, ನೀವು ಎಂದು ಎರಡು. ನೇಪಾಳಿಯಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲು. ಎಲ್ಲಿಗೆ ಹೋಗುತ್ತೀ ಎಂಬ ಒಂದೇ ಪ್ರಶ್ನೆಯನ್ನು ನೋಡಿರಿ:

ತಪಾಈಂ ಕಹಾಂ ಜಾನುಹುನ್ಛ? – ಹಿರಿಯರಿಗೆ, ಅಪರಿಚಿತರಿಗೆ
ತಿಮೀ ಕಹಾಂ ಜಾನ್ಛೌ? – ಗೆಳೆಯರಿಗೆ, ಕಿರಿಯರಿಗೆ
ತಂ ಕಹಾಂ ಜಾನ್ಛಸ್? – ಮನೆಯ ಮಕ್ಕಳಿಗೆ. ಹೊರಗಿನವರಿಗೆ ಆಡಿದರೆ ಬೈಗುಳಕ್ಕೆ ಸಮ

ಕಲಿಯುವವರು ‘ತಪಾಈಂ’ ಒಂದನ್ನೇ ಹಿಡಿದುಕೊಂಡರೆ ಸಾಕು. ಕ್ರಿಯಾಪದದ ಕೊನೆಗೆ ನಡೆಯುವ ಮಾತಿಗೆ ‘-ನುಹುನ್ಛ’, ನಡೆದುಹೋದ ಮಾತಿಗೆ ‘-ನುಭಯೋ’ ಎಂದು ಸೇರಿಸುವುದು. ಆಉನುಹುನ್ಛ? – ಬರುತ್ತೀರಾ? ಆಉನುಭಯೋ? – ಬಂದಿರಾ?

ಕರೆಯುವಾಗ ನಂಟಿನ ಹೆಸರು ಬೇಕು. ನಮಗಿಂತ ಹಿರಿಯನಾದರೆ ‘ದಾಇ’ (ಅಣ್ಣ), ಕಿರಿಯನಾದರೆ ‘ಭಾಇ’ (ತಮ್ಮ); ಹಿರಿಯಳು ‘ದಿದಿ’ (ಅಕ್ಕ), ಕಿರಿಯಳು ‘ಬಹಿನಿ’ (ತಂಗಿ). ನೇಪಾಳದ ಕಡೆಯ ಗಂಡಸರನ್ನೆಲ್ಲ ‘ಬಹದ್ದೂರ್’, ‘ಗೂರ್ಖಾ’ ಎಂದು ಕೂಗುವ ಕೆಟ್ಟ ಚಾಳಿ ನಮ್ಮ ಪೇಟೆಗಳಲ್ಲಿದೆ. ಬಹದ್ದೂರ್ ಎಂಬುದು ಹಲವರ ಹೆಸರಿನ ನಡುವೆ ಬರುವ ಪದ. ಗೋರ್ಖಾ ಎಂಬುದು ನೇಪಾಳದ ಒಂದು ಜಿಲ್ಲೆ. ಪರವೂರಿನಲ್ಲಿ ನಮ್ಮನ್ನು ಯಾರಾದರೂ ಹೆಸರು ಕೇಳದೆ ಊರಿನ ಹೆಸರು ಹಿಡಿದು ಕೂಗಿದರೆ ನಮಗೆ ಹೇಗನ್ನಿಸುತ್ತದೆಯೋ ಅವರಿಗೂ ಹಾಗೆಯೇ. ‘ದಾಇ, ತಪಾಈಂಕೋ ನಾಮ್ ಕೇ ಹೋ?’ ಎಂದು ಮೊದಲ ದಿನವೇ ಕೇಳಿ ಹೆಸರು ಹಿಡಿದು ಕರೆಯುವುದು ಲೇಸು.

5. ಬೇಸಾಯದ ಪ್ರಶ್ನೆಗಳು

ಬಂದವರಲ್ಲಿ ಅನೇಕರು ತಮ್ಮ ಊರಿನಲ್ಲಿ ರೈತರೇ. ಅವರನ್ನು ಕೇಳಿದರೆ ನಮಗೂ ತಿಳಿವಳಿಕೆ.

ಯೋ ಕುನ್ ಬಾಲೀ ಹೋ? – ಇದು ಯಾವ ಬೆಳೆ?
ಧಾನ್ ಕಹಿಲೇ ರೋಪ್ನುಹುನ್ಛ? – ಭತ್ತ ಯಾವಾಗ ನೆಡುತ್ತೀರಿ?
ಕುನ್ ಮಲ್ ಹಾಲ್ನುಹುನ್ಛ? – ಯಾವ ಗೊಬ್ಬರ ಹಾಕುತ್ತೀರಿ?
ಗಾಈಲೇ ಕತಿ ದೂಧ್ ದಿನ್ಛ? – ಹಸು ಎಷ್ಟು ಹಾಲು ಕೊಡುತ್ತದೆ?
ಕಿಲೋಕೋ ಕತಿ ಹೋ? – ಕಿಲೋಗೆ ಎಷ್ಟು?

ಉತ್ತರದಲ್ಲಿ ಬರುವ ಕೆಲವು ಪದಗಳು ಗೊತ್ತಿರಬೇಕು; ಇಲ್ಲವಾದರೆ ಪ್ರಶ್ನೆ ಕೇಳಿ ಫಲವಿಲ್ಲ. ‘ಖೇತ್’ ಎಂದರೆ ನೀರು ನಿಲ್ಲುವ ಗದ್ದೆ. ‘ಬಾರೀ’ ಎಂದರೆ ಮಳೆಯ ಹೊಲ. ಗುಡ್ಡದ ಸೀಮೆಯಲ್ಲಿ ನೆಲವನ್ನು ರೋಪನಿಯಲ್ಲಿ ಅಳೆಯುತ್ತಾರೆ. ಸುಮಾರು 8 ರೋಪನಿಗೆ ಒಂದು ಎಕರೆ. ತಗ್ಗಿನ ತರಾಯಿ ಸೀಮೆಯಲ್ಲಿ ಬಿಘಾ ಲೆಕ್ಕ. ಅಲ್ಲಿನ ಒಂದು ಬಿಘಾ ಒಂದೂಮುಕ್ಕಾಲು ಎಕರೆಗೆ ತುಸು ಕಡಮೆ. ಧಾನ್ಯದ ಅಳತೆಗೆ 8 ಮಾನಾ ಒಂದು ಪಾಥೀ, 20 ಪಾಥೀ ಒಂದು ಮುರೀ.

‘ಕೋದೋ’ ಎಂದರೆ ರಾಗಿ. ಹಿಂದಿಯವರು ಕೋದೋ ಎನ್ನುವುದು ಹಾರಕಕ್ಕೆ. ಎರಡನ್ನೂ ಒಂದೆಂದು ತಿಳಿಯಬಾರದು. ಕೋದೋ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮಾಡುವ ‘ಢಿಂಡೋ’ ನೇಪಾಳದ ಗುಡ್ಡಗಾಡಿನವರ ಊಟ. ಹೊಸೂರು, ತಾಳವಾಡಿ, ಮಡಕಶಿರದ ನಮ್ಮ ಜನಕ್ಕೆ ಇದು ಮುದ್ದೆಯ ತಮ್ಮನೇ ಸರಿ. ‘ಅಲೈಂಚೀ’ ಎಂದರೆ ಏಲಕ್ಕಿಯಾದರೂ ಪೂರ್ವ ನೇಪಾಳದ ಇಲಾಮ್, ತಾಪ್ಲೇಜುಂಗ್ ಕಡೆ ಬೆಳೆಯುವುದು ಕಂದುಬಣ್ಣದ ದಪ್ಪ ಕಾಯಿಯ ಜಾತಿ, ನಮ್ಮ ಹಸಿರು ಏಲಕ್ಕಿಯಲ್ಲ.

‘ಕಹಿಲೇ?’ ಎಂದು ಕೇಳಿದರೆ ತಿಂಗಳ ಹೆಸರು ಬರುತ್ತದೆ. ಅವರದು ಸೌರಮಾಸ; ವರ್ಷ ಏಪ್ರಿಲ್ ನಡುವೆ ಬೈಶಾಖದಿಂದ ಮೊದಲು. ನಾಟಿಯ ತಿಂಗಳು ‘ಅಸಾರ್’. ಹೆಸರು ಕೇಳಿ ನಮ್ಮ ಚಾಂದ್ರಮಾನದ ಆಷಾಢವೆಂದುಕೊಳ್ಳಬಾರದು. ಅದು ಜೂನ್ ನಡುವಿನಿಂದ ಜುಲೈ ನಡುವಿನವರೆಗೆ, ಮಲಯಾಳದ ಮಿಥುನ ಮಾಸಕ್ಕೆ ಸರಿ. ಅಸಾರ್ 15ರಂದು ಕೆಸರುಗದ್ದೆಯಲ್ಲಿ ನಾಟಿ ಮಾಡಿ ಮೊಸರವಲಕ್ಕಿ ತಿನ್ನುವ ಹಬ್ಬ ಅವರಿಗುಂಟು.

6. ಕಾಯಿಲೆ, ವಿಷ, ಕೂಲಿ

ಇದು ಪಾಠದ ಮುಖ್ಯ ಭಾಗ. ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡತಕ್ಕದ್ದು.

ಕೇ ಭಯೋ? – ಏನಾಯಿತು?
ಕಹಾಂ ದುಖ್ಯೋ? – ಎಲ್ಲಿ ನೋವು?
ಕಹಿಲೇದೇಖಿ? – ಯಾವಾಗಿನಿಂದ?
ಜ್ವರೋ ಆಯೋ? – ಜ್ವರ ಬಂತೇ?
ಟಾಉಕೋ ದುಖ್ಯೋ? – ತಲೆನೋವೇ?
ರಿಂಗಟಾ ಲಾಗ್ಯೋ? – ತಲೆ ತಿರುಗುತ್ತದೆಯೇ?
ಬಾಂತಾ ಭಯೋ? – ವಾಂತಿಯಾಯಿತೇ?
ಕೇಲೇ ಟೋಕ್ಯೋ? – ಏನು ಕಚ್ಚಿತು? (ಸರ್ಪಲೇ ಎಂದರೆ ಹಾವು)
ಅಸ್ಪತಾಲ್ ಜಾನೇ? – ಆಸ್ಪತ್ರೆಗೆ ಹೋಗೋಣವೇ?

ಕೀಟನಾಶಕ ಹೊಡೆದವನಿಗೆ ತಲೆನೋವು, ತಲೆ ತಿರುಗುವುದು, ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು ಕಂಡರೆ ತಡಮಾಡದೆ ಹೊಲದಿಂದ ದೂರ ಕರೆತಂದು, ಬಟ್ಟೆ ಕಳಚಿಸಿ, ಸಾಬೂನು ಹಾಕಿ ಮೈತೊಳೆಸಿ ಆಸ್ಪತ್ರೆಗೆ ಒಯ್ಯಬೇಕು. ಔಷಧದ ಡಬ್ಬಿಯ ಚೀಟಿಯನ್ನೂ ಜೊತೆಗೆ ಒಯ್ಯಬೇಕು.

ನಮ್ಮಲ್ಲಿ ಇದಕ್ಕೆ ‘ಔಷಧಿ’, ‘ಮದ್ದು’ ಎಂದೇ ಹೆಸರು. ನೇಪಾಳಿಯಲ್ಲಿಯೂ ‘ಔಷಧಿ’ ಎಂದರೆ ಕಾಯಿಲೆಗೆ ಕುಡಿಯುವ ಔಷಧಿ. ಆದುದರಿಂದ ಡಬ್ಬಿ ಕೈಗೆ ಕೊಡುವಾಗ ‘ಯೋ ಬಿಷ್ ಹೋ’ (ಇದು ವಿಷ) ಎಂದು ಹೇಳಿಯೇ ಕೊಡಬೇಕು.

ಹೇಳಿದ ಮೇಲೆ ‘ಬುಝ್ನುಭಯೋ?’ (ತಿಳಿಯಿತೇ?) ಎಂದಷ್ಟೇ ಕೇಳಿ ಸುಮ್ಮನಾಗಬಾರದು. ತಿಳಿಯದವನೂ ಸಂಕೋಚಕ್ಕೆ ‘ಹಜೂರ್’ ಎನ್ನುತ್ತಾನೆ. ಹೌದು ಎಂದು ಜಾರಿಕೊಳ್ಳಲಾಗದ ಪ್ರಶ್ನೆ ಕೇಳಬೇಕು: ‘ಯೋ ಕೇ ಹೋ?’ (ಇದು ಏನು?), ‘ಕತಿ ಹಾಲ್ನೇ?’ (ಎಷ್ಟು ಹಾಕುವುದು?), ‘ಕಸರಿ ಹಾಲ್ನೇ?’ (ಹೇಗೆ ಹಾಕುವುದು?). ಅವನು ತನ್ನ ಬಾಯಿಂದ ಉತ್ತರ ಹೇಳಿದರೆ ಮಾತ್ರ ತಿಳಿಯಿತೆಂದು ಲೆಕ್ಕ. ಅವನೇ ‘ಹಜೂರ್?’ ಎಂದು ಸ್ವರವೇರಿಸಿದರೆ ‘ಮತ್ತೊಮ್ಮೆ ಹೇಳಿ’ ಎಂದರ್ಥ. ಆಗ ಗದರದೆ ನಿಧಾನವಾಗಿ ಮತ್ತೆ ಹೇಳಬೇಕು.

ಕೂಲಿಯ ಲೆಕ್ಕಕ್ಕೂ ಎರಡು ಪ್ರಶ್ನೆ ಸಾಕು. ‘ಕತಿ ದಿನ್ ಕಾಮ್ ಗರ್ನುಭಯೋ?’ – ಎಷ್ಟು ದಿನ ಕೆಲಸ ಮಾಡಿದಿರಿ? ‘ಜ್ಯಾಲಾ ಪಾಉನುಭಯೋ?’ – ಕೂಲಿ ಸಿಕ್ಕಿತೇ? ಮೇಸ್ತ್ರಿಯ ಕೈಯಲ್ಲಿ ಹಣ ಕೊಟ್ಟವರು ಎರಡನೆಯದನ್ನು ತಪ್ಪದೆ ಕೇಳಬೇಕು. ದುಡಿದವನ ಕೈಗೆ ಸೇರಿತೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ. ಅಂಕೆಗಳು ಇವು: ಏಕ್, ದುಈ, ತೀನ್, ಚಾರ್, ಪಾಂಚ್, ಛ, ಸಾತ್, ಆಠ್, ನೌ, ದಸ್. ಆರಕ್ಕೂ ‘ಛ’, ಇದೆ ಎಂಬುದಕ್ಕೂ ‘ಛ’. ಗೊಂದಲವಾದರೆ ಬೆರಳೆಣಿಸಿ ತೋರಿಸಿರಿ.

ಈ ಪಾಠವನ್ನು ಕತ್ತರಿಸಿ ತೋಟದ ಮನೆಯ ಗೋಡೆಗೆ ಅಂಟಿಸಬಹುದು. ದಿನಕ್ಕೆ ಮೂರು ಪ್ರಶ್ನೆಯಂತೆ ಕಲಿತರೆ ಎರಡು ವಾರದಲ್ಲಿ ಎಲ್ಲವೂ ಬರುತ್ತವೆ. ಉಚ್ಚಾರಣೆಯನ್ನು ನೇಪಾಳಿ ಆಡುವವರಿಂದಲೇ ತಿದ್ದಿಸಿಕೊಳ್ಳಿರಿ. ತಿದ್ದುವ ನೆಪದಲ್ಲಿ ಅವರೂ ನಾಲ್ಕು ಕನ್ನಡ ಮಾತು ಕಲಿಯುವರು. ಗಡಿಯಲ್ಲಿ ಕುಳಿತು ಎರಡು ಮೂರು ಭಾಷೆಗಳಲ್ಲಿ ದಿನ ಕಳೆಯುವ ನಮಗೆ ಇನ್ನೊಂದು ಭಾಷೆಯ ನಲವತ್ತು ಪ್ರಶ್ನೆ ಹೊರೆಯಾಗಲಾರದು.